ಕೌದಿಯೊಳಗೊಂದು ಸ್ಟುಡಿಯೋ!

ಮೊದಲು ಒಂದು ಪಂಥ ಕಟ್ಟೋಣ. ಮಾಧವಿ, ಗಾಯತ್ರಿ, ಜಯಪ್ರದಾ, ಅಂಬಿಕಾ, ಸುಮಲತಾ. ಐವರೂ ಡಾ. ರಾಜ್‌ಕುಮಾರ್ ಜೊತೆ ನಟಿಸಿದ ನಾಯಕಿಯರು. ಮುಖ ಬೇರೆ, ಊರು ಬೇರೆ. ಆದರೂ ತೆರೆಯ ಮೇಲೆ ಈ ಐವರಿಗೂ ಹೊಂದುವ ಒಂದು ಗುಟ್ಟಿದೆ. ಏನದು, ಹೇಳಿ ನೋಡೋಣ?

ಸೀರೆಯೇ? ಅಲ್ಲ. ಹಾಡೇ? ಅದೂ ಅಲ್ಲ.

ಗಂಟಲು!

ಹೌದು, ಈ ಐವರಿಗೂ ಕಂಠದಾನ ಮಾಡಿದ ಹೆಣ್ಣುಮಗಳು ಒಬ್ಬರೇ. ಗುಬ್ಬಿ ವೀರಣ್ಣನವರ ಮೊಮ್ಮಗಳು, ರಂಗಭೂಮಿಯ ಬಿ. ಜಯಶ್ರೀ. ಟಾಕೀಸಿನಲ್ಲಿ ಕೂತು ನಿಮ್ಮ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಾಗ ಅಳು ತರಿಸಿದ ಮುಖ ಒಬ್ಬರದು, ದನಿ ಇನ್ನೊಬ್ಬರದು! ಅವ್ವನಿಗೆ ಅದು ಗೊತ್ತೇ ಆಗಲಿಲ್ಲ. ಗೊತ್ತಾಗದಂತೆ ಮಾಡುವುದೇ ಈ ವಿದ್ಯೆ!

ಇನ್ನೊಂದು. 1996ರಲ್ಲಿ ಬಂದ ‘ಪೊಲೀಸ್ ಸ್ಟೋರಿ’ ನೆನಪಿದೆಯೇ? ಬೆಂಕಿ ಉಗುಳಿದ ಆ ಅಗ್ನಿ? ಅಗ್ನಿಯಾಗಿದ್ದ ಸಾಯಿಕುಮಾರ್ ಅದಕ್ಕೂ ಮೊದಲು ತೆಲುಗಿನಲ್ಲಿ ಏನು ಮಾಡುತ್ತಿದ್ದರು ಗೊತ್ತೇ? ರಾಜಶೇಖರ್‌ಗೆ ದನಿ ಕೊಡುತ್ತಿದ್ದರು! ಸುಮನ್‌ಗೆ ದನಿ ಕೊಡುತ್ತಿದ್ದರು! ತಂದೆ ಪಿ. ಜೆ. ಶರ್ಮಾ ಕೂಡ ಕಂಠದಾನ ಕಲಾವಿದರೇ. ತಮ್ಮ ರವಿಶಂಕರ್ 2009ರ ‘ಅರುಂಧತಿ’ಯ ತೆಲುಗು ಖಳನಿಗೆ ಗಂಟಲು ಕೊಟ್ಟು ನಡುಗಿಸಿದರು, 2011ರ ‘ಕೆಂಪೇಗೌಡ’ದಲ್ಲಿ ಆರ್ಮುಗಂ ಆಗಿ ಮುಖವನ್ನೂ ತೋರಿಸಿದರು. ಒಂದೇ ಮನೆ, ಮೂರು ಗಂಟಲು, ಎರಡು ಭಾಷೆ!

ತಡೆಯಿರಿ, ಇನ್ನೂ ಇದೆ. ಹಿಂದಿಯಲ್ಲಿ ಮಾತಾಡುವ ಆ ನೀಲಿ ಬೆಕ್ಕು ಡೋರೇಮಾನ್ ಯಾರೆಂದುಕೊಂಡಿರಿ? ಎಷ್ಟೋ ವರ್ಷ ಅದಕ್ಕೆ ದನಿಯಾದವರು ಸೋನಲ್ ಕೌಶಲ್ ಎಂಬ ಹೆಣ್ಣುಮಗಳು. ಲಡ್ಡು ತಿಂದು ಗುದ್ದಾಡುವ ಛೋಟಾ ಭೀಮ್? ಅವನಿಗೂ ಅವರೇ!

ಈಗ ಅಸಲು ಪ್ರಶ್ನೆ. ಬೆಂಗಳೂರಿನ ಸ್ಟುಡಿಯೋ ಬಾಗಿಲನ್ನೇ ನೋಡದ ಸಿಂಧನೂರಿನ ಹುಡುಗಿಗೆ, ಲಿಂಗಸುಗೂರಿನ ಹುಡುಗನಿಗೆ, ಮಸ್ಕಿಯ ಅಂಗಡಿಯಲ್ಲಿ ಲೆಕ್ಕ ಬರೆಯುವವರಿಗೆ ಈ ಕೆಲಸ ಸಿಕ್ಕೀತೇ?

ಸಿಕ್ಕೀತು! ಅದರ ಅರ್ಧ ಬಂಡವಾಳ ನಿಮ್ಮ ಕಿವಿಯಲ್ಲೇ ಇದೆ. ನಂಬಿಕೆ ಇಲ್ಲವೇ? ಬನ್ನಿ, ಎಣಿಸೋಣ.

ನಿಮ್ಮ ಕಿವಿಗೆ ಎಷ್ಟು ಭಾಷೆ?

ಸಿಂಧನೂರಿನ ಸಂತೆಯಲ್ಲಿ ಒಂದು ತಾಸು ನಿಲ್ಲಿ. ಕಣ್ಣು ಮುಚ್ಚಿ. ಬರೀ ಕೇಳಿ.

ಕನ್ನಡ. ಒಂದು. ದಖನಿ ಉರ್ದು. ಎರಡು. ಲಂಬಾಣಿ. ಮೂರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಗದ್ದೆ ಮಾಡಲು ಬಂದು ಕ್ಯಾಂಪ್ ಕಟ್ಟಿಕೊಂಡವರ ತೆಲುಗು. ನಾಲ್ಕು. ಕಿರಾಣಿ, ಬಟ್ಟೆ ಅಂಗಡಿಗಳ ಮಾರ್ವಾಡಿ. ಐದು. ಹೊರಗಿನಿಂದ ಬಂದವರ ಜೊತೆ ಹಿಂದಿ. ಆರು.

ಮುಗಿಯಿತೇ? ಇಲ್ಲ! ಏಳನೆಯದನ್ನು ಊಹಿಸಿ. ಊಹಿಸಲಾರಿರಿ!

ಬಂಗಾಳಿ! ರಾಯಚೂರು ಜಿಲ್ಲೆಯಲ್ಲಿ ಬಂಗಾಳಿ! ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ ಸಿಂಧನೂರು ತಾಲ್ಲೂಕಿನಲ್ಲೇ ನೆಲೆ ಕೊಟ್ಟರು. ಆರ್.ಎಚ್. ಎಂಬ ಆ ಪುನರ್ವಸತಿ ಕ್ಯಾಂಪುಗಳಲ್ಲಿ ಇವತ್ತಿಗೂ ಮನೆಮಾತು ಬಂಗಾಳಿ. ಅಲ್ಲಿನ ಮಕ್ಕಳು ಮನೆಯಲ್ಲಿ ಬಂಗಾಳಿ, ಬಯಲಿನಲ್ಲಿ ನಮ್ಮ ಕನ್ನಡ ಆಡುತ್ತ ಬೆಳೆದವರು!

ಏಳು ಭಾಷೆ, ಒಂದು ಸಂತೆ. ಮಹಾನಗರದ ಹುಡುಗರು ದುಡ್ಡು ಕೊಟ್ಟು ಉಚ್ಚಾರಣೆಯ ತರಗತಿಗೆ ಹೋಗುತ್ತಾರೆ. ನೀವು ಕಾಯಿಪಲ್ಲೆ ಕೊಳ್ಳುತ್ತಲೇ ಕಲಿತುಬಿಟ್ಟಿದ್ದೀರಿ. ‘ಬಾ’ ಅನ್ನುವುದನ್ನು ಕ್ಯಾಂಪಿನ ರೈತ ಹೇಗೆ ಎಳೆಯುತ್ತಾನೆ, ತಾಂಡಾದ ಅಜ್ಜಿ ಹೇಗೆ ತುಂಡರಿಸುತ್ತಾಳೆ, ಚಹಾದ ಅಂಗಡಿಯ ಚಾಚಾ ಹೇಗೆ ತೇಲಿಸುತ್ತಾರೆ, ಎಲ್ಲ ನಿಮಗೆ ಗೊತ್ತು. ಪಾತ್ರಗಳು ಅಲ್ಲೇ ನಿಂತಿವೆ!

ಗಂಟಲಿನ ಪರಂಪರೆಗೂ ಬರವಿಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನೋಡಿದವರಿಗೆ ಹೇಳಬೇಕೇ? ಈ ಸೀಮೆಯ ರಿವಾಯತ್ ಪದಗಳಲ್ಲಿ ಕರ್ಬಲಾದ ಕಥೆಯನ್ನು ಕನ್ನಡದಲ್ಲೇ ಹಾಡಿ ಅಳಿಸುತ್ತಾರೆ! ಇನ್ನು ದೊಡ್ಡಾಟ. ಮೈಕಿಲ್ಲದ ಕಾಲದಲ್ಲೂ ಬಯಲಿನ ಕೊನೇ ಸಾಲಿಗೆ ಮಾತು ಮುಟ್ಟಿಸಿದ ಕಲಾವಿದರು ನಮ್ಮವರು.

ಪಕ್ಕದ ಬಳ್ಳಾರಿ ಜಿಲ್ಲೆಯ ದರೋಜಿಗೆ ಹೋಗೋಣ. ಬುರ್ರಕಥಾ ಈರಮ್ಮ. ಓದು ಬರಹ ಕಲಿತವರಲ್ಲ. ಆದರೆ ಕಾವ್ಯಗಳೆಲ್ಲ ಬಾಯಲ್ಲೇ ಇದ್ದವು. ಎಷ್ಟು ಕಾವ್ಯ? 12!  ಅಚ್ಚು ಹಾಕಿದರೆ ಎಷ್ಟು ಪುಟ? ಉಸಿರು ಬಿಗಿಹಿಡಿಯಿರಿ. 7,000!

ರಾಜ, ರಾಣಿ, ಸೈನಿಕ, ಸೂಲಗಿತ್ತಿ, ಎಲ್ಲರಿಗೂ ಒಬ್ಬರದೇ ಗಂಟಲು. 2014ರಲ್ಲಿ ಅವರು ತೀರಿಕೊಂಡರು. ಕಂಠ ಹೊತ್ತು ಬದುಕು ಕಟ್ಟುವುದು ಈ ನೆಲಕ್ಕೆ ಹೊಸದಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಬೇಕೇ? ಇದೆ! ಅದನ್ನು ಸ್ವಲ್ಪ ಹೊತ್ತು ಬಚ್ಚಿಡುತ್ತೇನೆ. ಮೊದಲು ಕನ್ನಡಿ ತನ್ನಿ.

ತುಟಿಯ ಮೇಲೆ ಕಣ್ಣು

ಕನ್ನಡಿಯ ಮುಂದೆ ನಿಂತು ‘ಅಮ್ಮ’ ಅನ್ನಿ. ತುಟಿ ಕೂಡಿದವು ಅಲ್ಲವೇ? ಈಗ ‘ಅಕ್ಕ’. ಕೂಡಲಿಲ್ಲ! ಪ, ಫ, ಬ, ಭ, ಮ. ಈ ಐದು ಅಕ್ಷರ ಬಂದರೆ ತುಟಿ ಮುಚ್ಚಲೇಬೇಕು. ಡಬ್ಬಿಂಗಿನ ಇಡೀ ಜೀವ ಈ ಐದರಲ್ಲಿದೆ.

ಪರೀಕ್ಷೆ ಮಾಡೋಣ. ತೆರೆಯ ಮೇಲೆ ಹಿಂದಿ ನಾಯಕಿ ‘ಮತ್ ಜಾ’ ಎಂದು ಚೀರುತ್ತಾಳೆ. ಕನ್ನಡದಲ್ಲಿ ‘ಹೋಗಬೇಡ’ ಅನ್ನಿ. ಕೆಟ್ಟಿತು! ಅವಳ ತುಟಿ ಮುಚ್ಚಿದೆ, ನಿಮ್ಮ ದನಿ ಆಗಲೇ ಬಾಯಿ ತೆರೆದಿದೆ. ಅವಳು ಎರಡು ಬಡಿತದಲ್ಲಿ ಮುಗಿಸಿದಳು, ನೀವು ಇನ್ನೂ ಆಡುತ್ತಲೇ ಇದ್ದೀರಿ.

ಮತ್ತೇನು ಮಾಡುವುದು? ಎರಡೇ ಬಡಿತ ಬೇಕು, ಮುಚ್ಚಿದ ತುಟಿಯಿಂದ ಶುರುವಾಗಬೇಕು, ತೆರೆದ ಬಾಯಲ್ಲಿ ನಿಲ್ಲಬೇಕು. ಯೋಚಿಸಿ. ನಿಮ್ಮ ಮನೆಯಲ್ಲಿ ದಿನಕ್ಕೆ ನೂರು ಸಲ ಆಡುವ ಮಾತೇ ಅದು.

‘ಬ್ಯಾಡ!’

ಕೂತಿತಲ್ಲ! ಅಳತೆ ತೆಗೆದು ಹೊಲಿದ ಅಂಗಿ! ಅಂಥ ಮಾತನ್ನು ಹೆಕ್ಕಿ ಕೊಡುವುದು ಡಬ್ಬಿಂಗ್ ಸಂಭಾಷಣೆಕಾರರ ಕೆಲಸ, ಅದನ್ನು ತುಟಿಯ ಮೇಲೆ ಕೂರಿಸುವುದು ನಿಮ್ಮದು.

ಎಷ್ಟು ಕರಾರುವಾಕ್ಕಾಗಿ ಕೂರಬೇಕು? ಅರ್ಧ ಸೆಕೆಂಡು ಆಚೀಚೆ ಆದರೆ ನಡೆಯುತ್ತದೆಯೇ? ಕಾಲು ಸೆಕೆಂಡು? ಊಹಿಸಿ.

45 ಮಿಲಿಸೆಕೆಂಡು! ದನಿ ತುಟಿಗಿಂತ ಇಷ್ಟು ಮುಂದೆ ಬಂದರೆ ಸಾಕು, ನೋಡುವವರಿಗೆ ‘ಎಲ್ಲೋ ತಪ್ಪಿದೆ’ ಅನ್ನಿಸತೊಡಗುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡದ ಲೆಕ್ಕ ಇದು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಅಂದರೆ ನಿಮಗೆ ಸಿಗುವ ರಿಯಾಯಿತಿ ಹೆಚ್ಚೂಕಡಿಮೆ ಒಂದೇ ಒಂದು ಚಿತ್ರದಷ್ಟು. ಕಣ್ಣು ಮಿಟುಕಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು!

ಆದರೆ ದನಿ ಹಿಂದೆ ಬಿದ್ದರೆ? ಇಲ್ಲಿದೆ ವಿಚಿತ್ರ! ಸುಮಾರು 125 ಮಿಲಿಸೆಕೆಂಡಿನವರೆಗೆ ಜನ ಗಮನಿಸುವುದೇ ಇಲ್ಲ. ಯಾಕೆ?

ಕಾಲುವೆಯ ದಂಡೆಗೆ ಹೋಗಿ. ದೂರದಲ್ಲಿ ಯಾರೋ ಕಲ್ಲಿಗೆ ಬಟ್ಟೆ ಬಡಿಯುತ್ತಿದ್ದಾರೆ. ಬಟ್ಟೆ ಕಲ್ಲಿಗೆ ಬಿದ್ದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಬೆಳಕು ಮುಂದೆ, ಸದ್ದು ಹಿಂದೆ. ಹುಟ್ಟಿದಾಗಿನಿಂದ ಮಿದುಳು ಕಂಡದ್ದು ಇದನ್ನೇ, ಹಾಗಾಗಿ ತಡವನ್ನು ಅದು ಕ್ಷಮಿಸುತ್ತದೆ. 125 ಮಿಲಿಸೆಕೆಂಡು ಅಂದರೆ ಆ ಕಲ್ಲು ನಿಮ್ಮಿಂದ ಸುಮಾರು 43 ಮೀಟರ್ ದೂರದಲ್ಲಿ ಇದ್ದಂತೆ! ಆದರೆ ಬಟ್ಟೆ ಬೀಳುವ ಮೊದಲೇ ಸದ್ದು ಕೇಳಿದ್ದನ್ನು ಯಾರು ಕಂಡಿದ್ದಾರೆ? ಅದಕ್ಕೇ ಅವಸರಕ್ಕೆ ಮಾಫಿ ಇಲ್ಲ.

ಹೊಸಬರು ಇದನ್ನು ಗಂಟು ಹಾಕಿಕೊಳ್ಳಿ. ಒಂದು ಕೂದಲೆಳೆ ತಡವಾದರೂ ಚಿಂತೆಯಿಲ್ಲ. ಮುಂಚೆ ಮಾತ್ರ ಬ್ಯಾಡ!

ಇನ್ನೂ ದೊಡ್ಡ ಸೋಜಿಗ ಕೇಳಿ. 1976ರಲ್ಲಿ ಮೆಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಆಟ ಹೂಡಿದರು. ತೆರೆಯ ಮೇಲೆ ತುಟಿ ‘ಗ’ ಅನ್ನುತ್ತಿದೆ. ಸ್ಪೀಕರಿನಿಂದ ಬರುತ್ತಿರುವುದು ‘ಬ’. ಕೂತವರಿಗೆ ಏನು ಕೇಳಿಸಿರಬೇಕು? ಗ? ಬ?

ಎರಡೂ ಅಲ್ಲ! ಬಹುಪಾಲು ವಯಸ್ಕರಿಗೆ ‘ಡ’ ಕೇಳಿಸಿತು! ಯಾರೂ ಆಡದ ಅಕ್ಷರ! ಕಣ್ಣು, ಕಿವಿ ಜಗಳವಾಡಿ ಮೂರನೆಯದನ್ನೇ ಹುಟ್ಟಿಸಿಬಿಟ್ಟವು. ನಾವು ಕಿವಿಯಿಂದಷ್ಟೇ ಕೇಳುತ್ತಿಲ್ಲ ಮಾರಾಯ್ರೇ, ಕಣ್ಣಿಂದಲೂ ಕೇಳುತ್ತಿದ್ದೇವೆ!

ಬಂಡೆ ಮಾತಾಡಿತು

ಈಗ ಬಚ್ಚಿಟ್ಟದ್ದನ್ನು ಬಿಚ್ಚುತ್ತೇನೆ.

1915ರ ಜನವರಿ. ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಗುಡ್ಡದಲ್ಲಿ ಸುತ್ತಾಡುತ್ತಿದ್ದರು. ಅವರು ಚಿನ್ನಕ್ಕಾಗಿ ಅಲೆದದ್ದು ಸುಮ್ಮನಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಆದರೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೆಯುತ್ತಾರೆ!

ಬೀಡನ್‌ಗೆ ಅಲ್ಲಿ ಕಂಡದ್ದು ಚಿನ್ನವಲ್ಲ. ಒಂದು ಬಂಡೆ. ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರ. ಓದಿದವರು ಬೆಚ್ಚಿಬಿದ್ದರು! ದೇಶದ ತುಂಬ ಶಾಸನ ಬರೆಸಿದ ‘ದೇವಾನಾಂಪ್ರಿಯ’ ಯಾರು ಎಂಬುದಕ್ಕೆ ಶಾಸನದ್ದೇ ಸಾಕ್ಷಿ ಅದುವರೆಗೆ ಸಿಕ್ಕಿರಲಿಲ್ಲ. ಮಸ್ಕಿಯ ಬಂಡೆ ಹೆಸರನ್ನೇ ಹೇಳಿಬಿಟ್ಟಿತು. ಅಶೋಕ!

ಇಷ್ಟನ್ನು ಶಾಲೆಯಲ್ಲಿ ಓದಿದ್ದೀರಿ. ಓದದೆ ಬಿಟ್ಟದ್ದು ಈಗ ಬರುತ್ತದೆ. ಆ ಶಾಸನದ ಕೊನೆಯಲ್ಲಿ ಏನು ಅಪ್ಪಣೆ ಇದೆ? ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎಂದು! ಬರೆದಿಟ್ಟರೆ ಸಾಲದು. ಬಾಯಿಬಿಟ್ಟು ಹೇಳಬೇಕು!

ಗೊತ್ತಾಯಿತೇ? ಆ ಬಂಡೆ ಒಂದು ಸ್ಕ್ರಿಪ್ಟ್! ಕ್ರಿಸ್ತಪೂರ್ವ ಮೂರನೇ ಶತಮಾನದ ಸ್ಕ್ರಿಪ್ಟ್! ಕಳಿಂಗದ ಶಾಸನಗಳಲ್ಲಂತೂ ವೇಳಾಪಟ್ಟಿಯೇ ಇದೆ. ತಿಷ್ಯ ನಕ್ಷತ್ರದ ದಿನ ಎಲ್ಲರೂ ಕೇಳಬೇಕು, ನಡುವಿನ ದಿನಗಳಲ್ಲಿ ಒಬ್ಬನೇ ಒಬ್ಬನಿದ್ದರೂ ಕೇಳಿಸಬಹುದು. ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನದಲ್ಲಿ ಭೇರಿ ಬಾರಿಸಿ ಜನರಿಗೆ ತಿಳಿಸುವ ಮಾತು ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಹಲಿಗೆ ಬಡಿದು ಡಂಗುರ ಸಾರುತ್ತಿದ್ದರಲ್ಲ, ಅದೇ ಸಾಲು!

ಇನ್ನೂ ಒಂದು. ಬಂಡೆಯ ಭಾಷೆ ಪ್ರಾಕೃತ. ಈ ಸೀಮೆಯ ರೈತನಿಗೆ, ಕುರುಬನಿಗೆ ಅದು ಹೇಗೆ ತಿಳಿದೀತು? ಯಾರೋ ಓದಿಕೊಂಡು ಇಲ್ಲಿನ ಮಾತಿನಲ್ಲಿ ಹೇಳಿರಲೇಬೇಕು. ಒಬ್ಬ ದೊರೆಯ ಮಾತು ಇನ್ನೊಬ್ಬರ ಗಂಟಲಿನಲ್ಲಿ, ಇನ್ನೊಂದು ಭಾಷೆಯಲ್ಲಿ! ಇದಕ್ಕೆ ನಾವು ಈಗ ಏನನ್ನುತ್ತೇವೆ? ಡಬ್ಬಿಂಗ್!

ಅಶೋಕ ತನ್ನ ಹೆಸರನ್ನೇ ಬರೆಸಿದ ಶಾಸನಗಳು ಇಡೀ ದೇಶದಲ್ಲಿ ಎಷ್ಟು ಸಿಕ್ಕಿವೆ? ನೂರು? ಐವತ್ತು? ನಾಲ್ಕೇ ಊರುಗಳಲ್ಲಿ! ಒಂದು ಮಧ್ಯಪ್ರದೇಶದ ಗುಜರ್ರಾ. ಉಳಿದ ಮೂರು? ಮಸ್ಕಿ, ನಿಟ್ಟೂರು, ಉದೇಗೊಳ. ಒಂದು ನಮ್ಮ ಜಿಲ್ಲೆಯಲ್ಲೇ, ಎರಡು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ! ನಾಲ್ಕರಲ್ಲಿ ಮೂರು ನಮ್ಮ ಕಡೆಯವೇ!

ಐವತ್ತು ವರ್ಷದ ಬೀಗ

ಸರಿ, ಪರಂಪರೆ ಇದೆ, ಕಿವಿ ಇದೆ. ಕೆಲಸ ಎಲ್ಲಿದೆ?

1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಯ ನಂತರ ಬೇರೆ ಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗುವುದು ನಿಂತಿತು. ನಿಂತದ್ದು ಎಷ್ಟು ಕಾಲ? ಹತ್ತಿರ ಹತ್ತಿರ ಅರ್ಧ ಶತಮಾನ! 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ಸಲ್ಲದು ಎಂದಿತು. 2017ರ ಮಾರ್ಚಿನಲ್ಲಿ ತಮಿಳಿನಿಂದ ಡಬ್ ಆದ ‘ಸತ್ಯದೇವ್ ಐಪಿಎಸ್’ ತೆರೆಗೆ ಬಂತು. ಬೀಗ ಮುರಿಯಿತು!

ಆಮೇಲೆ? ಪ್ರವಾಹ! 2020ರ ಲಾಕ್‌ಡೌನಿನಲ್ಲಿ ಕಿರುತೆರೆಯ ‘ಮಹಾಭಾರತ’ ಕನ್ನಡ ಮಾತಾಡಿತು. 2021ರಲ್ಲಿ ‘ಪುಷ್ಪ’. 2022ರ ‘ಆರ್‌ಆರ್‌ಆರ್’ನಲ್ಲಿ ಜೂನಿಯರ್ ಎನ್‌ಟಿಆರ್, ರಾಮ್‌ಚರಣ್ ತಾವೇ ಕನ್ನಡ ಆಡಿದರು. ಅದೇ ವರ್ಷ ‘ಅವತಾರ್’ನ ಎರಡನೇ ಭಾಗ. ಬೇರೆ ಲೋಕದ ನೀಲಿ ಜನರ ಬಾಯಲ್ಲಿ ಕನ್ನಡ!

ಒಂದೊಂದು ಚಿತ್ರಕ್ಕೂ ಎಷ್ಟು ಗಂಟಲು ಬೇಕು ಯೋಚಿಸಿ. ನಾಯಕ, ನಾಯಕಿಗೆ ಅನುಭವಿಗಳು ಇದ್ದೇ ಇರುತ್ತಾರೆ. ಆದರೆ ಆಟೋದವನು? ಪಂಚಾಯ್ತಿ ಕಟ್ಟೆಯ ಮುದುಕ? ಜಾತ್ರೆಯ ಗದ್ದಲ? ಸೈನಿಕರ ಕೂಗು? ಇವಕ್ಕೂ ಬಾಯಿ ಬೇಕು! ಹೊಸಬರು ಸಾಮಾನ್ಯವಾಗಿ ಒಳಗೆ ಕಾಲಿಡುವುದು ಈ ಗುಂಪು ದನಿಯಿಂದಲೇ.

ಸಿನಿಮಾ ಒಂದೇ ದಾರಿಯಲ್ಲ. ಕನ್ನಡದ ಕೇಳುಪುಸ್ತಕ ಇದೆ, ಜಾಹೀರಾತು ಇದೆ, ಪಾಠದ ವಿಡಿಯೋ ಇದೆ. ಪಾಕೆಟ್ ಎಫ್‌ಎಂ, ಕುಕು ಎಫ್‌ಎಂನಂಥ ಆಪ್‌ಗಳಲ್ಲಿ ಕನ್ನಡದ ಕಥೆಗಳೂ ಓಡುತ್ತಿವೆ.

ಯಂತ್ರಕ್ಕೂ ನಿಮ್ಮ ಮಾತು ಬೇಕಾಗಿದೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ದೇಶದ 773 ಜಿಲ್ಲೆಗಳ ಆಡುಮಾತನ್ನು ಕೂಡಿಹಾಕಲು ಹೊರಟಿದೆ. ಎಷ್ಟು ತಾಸು? ಒಂದೂವರೆ ಲಕ್ಷ! ಹಗಲು ರಾತ್ರಿ ನಿಲ್ಲಿಸದೆ ಕೇಳಿದರೂ 17 ವರ್ಷ ಬೇಕು. ಪುಸ್ತಕದ ಕನ್ನಡವನ್ನಲ್ಲ, ಒಂದೊಂದು ಜಿಲ್ಲೆಯವರು ಹೇಗೆ ಆಡುತ್ತಾರೋ ಹಾಗೆ! ಯಾವ ಮಾತಿಗೆ ನಾಚಿಕೊಂಡಿದ್ದೆವೋ ಅದನ್ನೇ ವಿಜ್ಞಾನಿಗಳು ಹುಡುಕುತ್ತಿದ್ದಾರೆ!

ಇನ್ನು ಸ್ಟುಡಿಯೋ ಕಟ್ಟೋಣ

ಖರ್ಚು ಎಷ್ಟು ಅಂದುಕೊಂಡಿರಿ? ಮೊದಲ ತಿಂಗಳಿಗೆ ಸೊನ್ನೆ!

ಮೈಕು? ಕಿಸೆಯ ಮೊಬೈಲು ಸಾಕು. ಕೋಣೆ? ಇಲ್ಲಿದೆ ನಮ್ಮ ಸೀಮೆಯ ಜಾದೂ. ಬರೀ ಗೋಡೆಯ ಕೋಣೆಯಲ್ಲಿ ದನಿ ಮರುದನಿಸುತ್ತದೆ, ಬಾವಿಯಲ್ಲಿ ಆಡಿದ ಹಾಗೆ ಕೇಳುತ್ತದೆ. ಅದನ್ನು ನುಂಗುವ ವಸ್ತು ನಿಮ್ಮ ಮನೆಯಲ್ಲೇ ಇದೆ. ಅಜ್ಜಿ ಹೊಲಿದ ಕೌದಿ! ಹಳೆ ಸೀರೆ, ಹಳೆ ಧೋತರ ಪದರ ಪದರವಾಗಿ ಸೇರಿಸಿ ಹೊಲಿದದ್ದು. ಬೆನ್ನ ಹಿಂದೆ ಒಂದು, ಎರಡೂ ಬದಿಗೆ ಒಂದೊಂದು ಇಳಿಬಿಡಿ. ಮಾತಾಡಿ ನೋಡಿ. ಮರುದನಿ ಮಾಯ!

ಭತ್ತದ ಚೀಲ ಪೇರಿಸಿದ ಕೋಣೆ ಇದೆಯೇ? ನೀವು ಭಾಗ್ಯವಂತರು! ಅಲ್ಲೇ ಕೂತುಬಿಡಿ. ಆದರೆ ಒಂದು ಮಾತು. ಕೌದಿ ಒಳಗಿನ ಮರುದನಿಯನ್ನು ನುಂಗುತ್ತದೆ, ಹೊರಗಿನ ಟ್ರ್ಯಾಕ್ಟರನ್ನು ಅಲ್ಲ. ಅದಕ್ಕೆ ಬೆಳಗಿನ ಜಾವವೇ ಮದ್ದು. ಕರೆಂಟು ಹೋಯಿತೇ? ಬೈಯಬೇಡಿ, ಓಡಿ! ಫ್ಯಾನು, ಫ್ರಿಜ್ಜು, ಟಿವಿ ಎಲ್ಲ ಒಟ್ಟಿಗೆ ಬಾಯಿ ಮುಚ್ಚಿವೆ!

ನಿಶ್ಶಬ್ದ ಎಷ್ಟಿರಬೇಕು? ಎಸಿಎಕ್ಸ್ ಎಂಬ ಹೆಸರಾಂತ ಕೇಳುಪುಸ್ತಕ ತಾಣದ ನಿಯಮ ಹೇಳುತ್ತದೆ: ಹಿನ್ನೆಲೆಯ ಸದ್ದು ಮೈನಸ್ 60 ಡೆಸಿಬೆಲ್ ದಾಟಬಾರದು. ಅಂದರೆ ಯಂತ್ರ ಹಿಡಿಯಬಲ್ಲ ಅತಿ ದೊಡ್ಡ ಸದ್ದಿನ ಅಲೆಯ ಸಾವಿರದಲ್ಲಿ ಒಂದು ಪಾಲು!

ಮನೆಯಿಂದ ದನಿ ಕಳಿಸುವುದೇನು ಹೊಸ ಹುಚ್ಚು ಅಂದುಕೊಂಡಿರಾ? 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ಶುರುಮಾಡಿದರು. ಅದರ ಹೆಸರು ಆಕಾಶವಾಣಿ! ಮುಂದೆ ಇಡೀ ದೇಶದ ರೇಡಿಯೋ ಇಟ್ಟುಕೊಂಡದ್ದು ಅದೇ ಹೆಸರು!

ಈಗ ಅಭ್ಯಾಸ. ಬಾಯಿಗೂ ಮೊಬೈಲಿಗೂ ಒಂದು ಗೇಣು ಅಂತರ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಪಾಪ’ ಅನ್ನಿ. ಗಾಳಿ ಬಡಿಯಿತಲ್ಲ? ಆ ಗಾಳಿ ಮೈಕಿಗೆ ಬಡಿದರೆ ‘ಧಪ್’ ಎನ್ನುತ್ತದೆ. ಮೊಬೈಲನ್ನು ತುಸು ಓರೆಗೆ ಸರಿಸಿ. ಧಪ್ ಇಲ್ಲ!

ದಿನಕ್ಕೆ ಹತ್ತು ನಿಮಿಷ ಪತ್ರಿಕೆಯನ್ನು ಮೊದಲೇ ನೋಡದೆ ಗಟ್ಟಿಯಾಗಿ ಓದಿ. ಯಾಕೆ ಗೊತ್ತೇ? ಡಬ್ಬಿಂಗಿನಲ್ಲಿ ಸಾಮಾನ್ಯವಾಗಿ ಸಂಭಾಷಣೆಯನ್ನು ಮನೆಗೆ ಕಳಿಸುವುದಿಲ್ಲ. ಮೈಕಿನ ಮುಂದೆ ನಿಂತಾಗಲೇ ಮೊದಲ ದರ್ಶನ! ಕಿವಿಯಲ್ಲಿ ಮೂಲ ದನಿ, ಕಣ್ಣಲ್ಲಿ ತುಟಿ, ಕೈಯಲ್ಲಿ ಹಾಳೆ. ಮೂರನ್ನೂ ಒಟ್ಟಿಗೆ ಹಿಡಿಯಬೇಕು!

ಆಮೇಲೆ ಒಂದೇ ಗಂಟಲಲ್ಲಿ ಇಬ್ಬರಾಗುವ ಆಟ. ಮುದ್ದಣನ ‘ಶ್ರೀರಾಮಾಶ್ವಮೇಧಂ’ನಲ್ಲಿ ಮುದ್ದಣ, ಮನೋರಮೆಯರ ಸಲ್ಲಾಪವಿದೆ. ಗಂಡನ ಜಂಬ, ಹೆಂಡತಿಯ ಚುಚ್ಚು. ಎರಡೂ ನೀವೇ ಆಡಿ! ಬರೆದವರು 1901ರಲ್ಲೇ ತೀರಿಕೊಂಡರು, ಹಕ್ಕುಸ್ವಾಮ್ಯದ ತಂಟೆಯಿಲ್ಲ. ಓದಿದ್ದನ್ನು ನಾಲ್ಕು ಜನಕ್ಕೆ ಕೇಳಿಸಬೇಕೇ? 2005ರಲ್ಲಿ ಶುರುವಾದ ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಓದಿ ಜಗತ್ತಿಗೆ ಪುಕ್ಕಟೆ ಹಂಚುತ್ತಾರೆ. ಆಡಿಷನ್ ಇಲ್ಲ, ಭಾಷೆಯ ಬೇಲಿಯೂ ಇಲ್ಲ!

ಒಂದು ದೊಡ್ಡ ಭಯ ಎಲ್ಲರಿಗೂ ಇರುತ್ತದೆ. ‘ನಮ್ಮ ಮಾತು ರಾಯಚೂರು ಕಡೀದ್ರಿ, ನಡೀತದೇನ್ರಿ?’ ನಡೀತದ್ರಿ! ‘ಮನಿ’ಯನ್ನು ಬಿಡಬೇಡಿ, ‘ಮನೆ’ಯನ್ನೂ ಕಲಿಯಿರಿ. ‘ಹೋಗಾಕತ್ತೀನಿ’ಯೂ ಬರಲಿ, ‘ಹೋಗುತ್ತಿದ್ದೇನೆ’ಯೂ ಬರಲಿ. ಶ, ಷ, ಸ ಬೇರೆಬೇರೆ ಕೇಳಲಿ. ಮಹಾಪ್ರಾಣ ಉಸಿರಾಡಲಿ. ಎರಡು ಕನ್ನಡ ಆಡಬಲ್ಲವರು ಎರಡು ಥರದ ಪಾತ್ರಕ್ಕೆ ಒದಗುತ್ತಾರೆ!

ಮಾದರಿ ತುಣುಕು ಎಷ್ಟು ಉದ್ದ ಇರಬೇಕು? ಹದಿನೈದು ನಿಮಿಷ? ದಮ್ಮಯ್ಯ, ಬ್ಯಾಡ! ಒಂದು ನಿಮಿಷ ಸಾಕು. ನಿಮ್ಮ ಅತ್ಯುತ್ತಮ ದನಿ ಮೊದಲ ಹತ್ತು ಸೆಕೆಂಡಿನಲ್ಲೇ ಬರಲಿ, ಕೇಳುವವರಿಗೆ ಪುರುಸೊತ್ತಿಲ್ಲ. ಜಾಹೀರಾತಿಗೆ ಒಂದು, ಕಥೆಗೆ ಒಂದು, ಪಾತ್ರಗಳಿಗೆ ಒಂದು ಬೇರೆಬೇರೆ ಮಾಡಿ. ಡಬ್ಬಿಂಗಿಗೆ ಕಳಿಸುವುದರಲ್ಲಿ ಹಿನ್ನೆಲೆ ಸಂಗೀತ ಬೇಡ. ದನಿ ಬೆತ್ತಲೆಯಾಗಿ ನಿಲ್ಲಲಿ!

ಹತ್ತಿರದ ಬಾಗಿಲು ಯಾವುದು? ರೇಡಿಯೋ. ರಾಯಚೂರಿನಲ್ಲಿ ಆಕಾಶವಾಣಿ ಇದೆ, 1966ರಿಂದ ಮಾತಾಡುತ್ತಿರುವ ಕಲಬುರಗಿ ಕೇಂದ್ರವಿದೆ. ನಾಟಕ ಕಲಾವಿದರಿಗೆ ಧ್ವನಿ ಪರೀಕ್ಷೆ ಮಾಡಿ ದರ್ಜೆ ಕೊಡುವ ಪದ್ಧತಿ ಆಕಾಶವಾಣಿಯಲ್ಲಿದೆ. ಪ್ರಕಟಣೆಗೆ ಕಿವಿಗೊಟ್ಟಿರಿ.

ಎರಡು ಎಚ್ಚರಿಕೆ, ಬೇಗ ಹೇಳಿ ಮುಗಿಸುತ್ತೇನೆ. ಒಂದು: ಕೆಲಸ ಕೊಡುತ್ತೇವೆ, ಮೊದಲು ದುಡ್ಡು ಕಟ್ಟಿ ಅಂದವರಿಗೆ ದೂರದಿಂದಲೇ ಶರಣು ಅನ್ನಿ. ಎರಡು: ಸಹಿ ಹಾಕುವ ಮೊದಲು ಕರಾರು ಓದಿ. ನಿಮ್ಮ ದನಿಯನ್ನು ಯಂತ್ರಕ್ಕೆ ಕಲಿಸಿ ನಕಲು ತಯಾರಿಸುವ ಹಕ್ಕು ಅದರಲ್ಲಿ ಅಡಗಿದೆಯೇ? ಕೇಳಿ. ಗಂಟಲು ನಿಮ್ಮದು!

ಕೊನೆಯ ಪಂಥ. 1969. ಮೃಣಾಲ್ ಸೇನ್ ಅವರ ‘ಭುವನ್ ಶೋಮ್’ ಚಿತ್ರ. ಅದರಲ್ಲಿ ಒಬ್ಬ ಹೊಸಬ ಕಥೆ ಹೇಳುತ್ತಾನೆ. ಮುಖ ಎಲ್ಲೂ ಇಲ್ಲ, ಬರೀ ದನಿ. ಚಿತ್ರರಂಗದಲ್ಲಿ ತೆರೆಗೆ ಬಂದ ಅವನ ಮೊದಲ ಕೆಲಸವೇ ಅದು. ಯಾರು ಆ ಉದ್ದನೆಯ ಹುಡುಗ?

ಅಮಿತಾಭ್ ಬಚ್ಚನ್!

ಅಷ್ಟು ದೊಡ್ಡ ಮುಖಕ್ಕಿಂತ ಮೊದಲು ತೆರೆಗೆ ಬಂದದ್ದು ದನಿ! ಇನ್ನೂ ಯಾಕ್ರಿ ಕುಂತೀರಿ? ಏಳ್ರಿ! ಕೌದಿ ಇಳಿಬಿಡ್ರಿ, ಬಾಗಿಲಾ ಹಾಕ್ಕೊಳ್ರಿ, ಬಿಸಿಲಿಗೆ ಬೆವರು ಸುರಿದ್ರೂ ಸೈ, ಮೊದಲ ಆ ಫ್ಯಾನ್ ಬಂದ್ ಮಾಡ್ರಿ!